ಮುಂದಿನ ದೀಪಾವಳಿಗೆ ಒಂದು ಭಯದ ನಾಟಕ

ಬ್ರಿಟನ್ನಿನ ಊರೂರುಗಳಲ್ಲಿ ಕನ್ನಡ ನಾಟಕ ಕಟ್ಟುವ ಗೆಳೆಯ ಗೆಳತಿಯರಿಗೆ,

ದೀಪಾವಳಿಗೆ ಯಾವ ನಾಟಕ ಎಂಬ ಚರ್ಚೆ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಆಗಲೇ ಶುರುವಾಗಿದೆ. ಪ್ರತಿ ವರ್ಷದಂತೆ ಕೈಲಾಸಂ ಹೆಸರು ಬಂದಿದೆ, ಒಂದೆರಡು ನಗೆನಾಟಕಗಳ ಹೆಸರೂ ಬಂದಿದೆ. ವಾರವಿಡೀ ಆಸ್ಪತ್ರೆಯ ವಾರ್ಡಿನಲ್ಲೋ ಆಫೀಸಿನ ಮೀಟಿಂಗುಗಳಲ್ಲೋ ಬಸವಳಿದವರು ಹಬ್ಬದ ಸಂಜೆ ಕನ್ನಡದಲ್ಲಿ ಮನಸಾರೆ ನಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೂ ಈ ಸಲ ಬೇರೆಯೇ ಒಂದು ಬೇಡಿಕೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ನಾವು ಬಂದು ನೆಲೆಸಿದ ಈ ದೇಶದ ರಂಗಭೂಮಿ ಕಳೆದ ಕಾಲು ಶತಮಾನದಲ್ಲಿ ಒಂದು ಬಗೆಯ ನಾಟಕವನ್ನು ತುಂಬ ಚೆನ್ನಾಗಿ ಬರೆದಿದೆ. ಲೋಕ ಹದಗೆಟ್ಟು ಹೋದ ಮೇಲಿನ ಬದುಕನ್ನು ತೋರಿಸುವ ನಾಟಕ ಅದು. ಅಂಥದ್ದೊಂದನ್ನು ನಾವು ಕನ್ನಡದಲ್ಲಿ ಆಡಬೇಕು ಎಂಬುದೇ ನನ್ನ ಬೇಡಿಕೆ.

ಕೈಲಾಸಂ ಕೂಡ ಭೂವಿಜ್ಞಾನ ಓದಲು ಲಂಡನ್ನಿಗೆ ಬಂದವರು. ಊರಿಗೆ ಮರಳಿದ ಮೇಲೆ ನಡುಮನೆಯ ಮಾತನ್ನೇ ರಂಗದ ಮೇಲೆ ತಂದು ಕನ್ನಡ ನಾಟಕದ ದಾರಿ ಬದಲಿಸಿದರು. ಅವರ ಮೇಲೆ ನಮಗಿರುವ ಅಭಿಮಾನ ನಿಜವಾದದ್ದೇ ಆದರೆ, ಅವರ ನಾಟಕಗಳನ್ನು ಆಡುವುದರ ಜೊತೆಗೆ ನಮ್ಮ ಕಾಲದ ಲಂಡನ್ನಿನಲ್ಲಿ ಏನು ಬರೆಯುತ್ತಿದ್ದಾರೆ ಎಂದೂ ನೋಡಬೇಕು. ಊರಿನಿಂದ ಅಪ್ಪ ಅಮ್ಮ ಬಂದಾಗ ನಾವು ಅವರನ್ನು ವೆಸ್ಟ್ ಎಂಡಿಗೆ ಕರೆದೊಯ್ದು ಲಯನ್ ಕಿಂಗ್ ತೋರಿಸುತ್ತೇವೆ. ತೋರಿಸೋಣ. ಆದರೆ ಸ್ಲೋನ್ ಸ್ಕ್ವೇರ್ ಟ್ಯೂಬ್ ನಿಲ್ದಾಣದ ಪಕ್ಕದಲ್ಲೇ ರಾಯಲ್ ಕೋರ್ಟ್ ಇದೆ. 1956ರಿಂದ ಹೊಸ ನಾಟಕಕಾರರಿಗೆ ಆಸರೆಯಾಗಿ ನಿಂತ ರಂಗಮಂದಿರ. ಕೆಳಗೆ ರೈಲು ಹಾದಾಗ ಕುರ್ಚಿಯ ಅಡಿಯಲ್ಲಿ ಗುಡುಗಿದಂತಾಗುತ್ತದೆ. ಮೇಲಿನ ಮಹಡಿಯ ಪುಟ್ಟ ರಂಗದಲ್ಲಿ ನೂರು ಜನಕ್ಕೂ ಜಾಗವಿಲ್ಲ. ನಾನು ಹೇಳಹೊರಟಿರುವ ನಾಟಕಗಳಲ್ಲಿ ಬಹುಪಾಲು ಹುಟ್ಟಿದ್ದು ಈ ಕಟ್ಟಡದಲ್ಲಿ.

ನಾಟಕಕಾರ್ತಿ ಕ್ಯಾರಿಲ್ ಚರ್ಚಿಲ್ ಅವರ ‘ಫಾರ್ ಅವೇ’ಯಿಂದಲೇ ಶುರು ಮಾಡುತ್ತೇನೆ. 2000ದ ನವೆಂಬರಿನಲ್ಲಿ ಸ್ಟೀಫನ್ ಡಾಲ್ಡ್ರಿ ಅದನ್ನು ಆ ಮಹಡಿಯ ರಂಗದಲ್ಲಿ ಆಡಿಸಿದರು. ಜೋನ್ ಎಂಬ ಪುಟ್ಟ ಹುಡುಗಿ ಹಳ್ಳಿಯಲ್ಲಿರುವ ಚಿಕ್ಕಮ್ಮನ ಮನೆಗೆ ಬಂದಿದ್ದಾಳೆ. ರಾತ್ರಿ ನಿದ್ದೆ ಹತ್ತದೆ ಎದ್ದು ಬರುತ್ತಾಳೆ. ಹೊರಗೆ ಯಾರೋ ಕಿರುಚಿದ್ದು ಕೇಳಿಸಿತು ಎನ್ನುತ್ತಾಳೆ. ಗೂಬೆ ಇರಬೇಕು ಎನ್ನುತ್ತಾಳೆ ಚಿಕ್ಕಮ್ಮ. ಹುಡುಗಿ ಬಿಡುವುದಿಲ್ಲ: ಕಿಟಕಿಯಿಂದ ಮರಕ್ಕೆ ದಾಟಿ ಕೆಳಗಿಳಿದೆ, ಚಿಕ್ಕಪ್ಪ ಯಾರನ್ನೋ ಶೆಡ್ಡಿನೊಳಗೆ ನೂಕುತ್ತಿದ್ದದ್ದನ್ನು ನೋಡಿದೆ. ಚಿಕ್ಕಮ್ಮನ ಬಳಿ ಅದಕ್ಕೂ ಒಂದು ಉತ್ತರವಿದೆ. ನೆಲದಲ್ಲಿ ರಕ್ತವಿತ್ತು, ಕಾಲು ಜಾರಿತು. ನಾಯಿಯೊಂದು ಗಾಡಿಗೆ ಸಿಕ್ಕಿ ಸತ್ತಿತ್ತಲ್ಲ, ಅದರದ್ದು. ಲಾರಿಯಲ್ಲಿ ಜನರಿದ್ದರು, ಅಳುತ್ತಿದ್ದರು. ಪಾಪ, ಅವರನ್ನು ನಿನ್ನ ಚಿಕ್ಕಪ್ಪ ಕಾಪಾಡುತ್ತಿದ್ದಾನೆ, ಯಾರಿಗೂ ಹೇಳಬೇಡ. ಹಾಗಾದರೆ ಹೊಡೆಯುತ್ತಿದ್ದದ್ದೇಕೆ? ಅವರಲ್ಲಿ ಕೆಲವರು ದ್ರೋಹಿಗಳು. ಮಗು ಕಂಡದ್ದನ್ನು ಒಂದೊಂದಾಗಿ ಹೇಳುತ್ತಾ ಹೋದಂತೆ ಚಿಕ್ಕಮ್ಮನ ಸುಳ್ಳು ಗಾತ್ರ ಬದಲಿಸುತ್ತಾ ಹೋಗುತ್ತದೆ. ದೃಶ್ಯ ಮುಗಿಯುವಾಗ ಆ ಹುಡುಗಿ ಮನೆಯವರ ಪಕ್ಷಕ್ಕೆ ಸೇರಿಹೋಗಿರುತ್ತಾಳೆ. ಬೆಳಿಗ್ಗೆ ತೊಳೆದು ಬಳಿಯುವ ಕೆಲಸಕ್ಕೆ ಕೈಜೋಡಿಸಬಹುದು ಎಂಬ ಮಾತೂ ಅವಳಿಗೆ ಸಿಗುತ್ತದೆ.

ಈ ನಾಟಕ ರಂಗಕ್ಕೆ ಬಂದ ವರ್ಷದ ಜೂನಿನಲ್ಲಿ ಡೋವರ್ ಬಂದರಿನಲ್ಲಿ ಟೊಮೇಟೊ ಹೇರಿದ್ದ ಲಾರಿಯೊಂದರ ಬಾಗಿಲು ತೆಗೆದಾಗ ಉಸಿರುಕಟ್ಟಿ ಸತ್ತ 58 ಚೀನೀಯರ ಶವಗಳು ಸಿಕ್ಕಿದ್ದವು. ಐದು ತಿಂಗಳ ಹಿಂದೆ ಪತ್ರಿಕೆಯಲ್ಲಿ ಅದನ್ನು ಓದಿದ್ದ ಜನರೇ ಆ ಮಹಡಿಯ ಮೆಟ್ಟಿಲು ಹತ್ತಿ ಬಂದು, ಲಾರಿಯಲ್ಲಿ ಜನರಿದ್ದರು ಎನ್ನುವ ಮಗುವಿನ ಮಾತು ಕೇಳಿದರು. 2019ರ ಅಕ್ಟೋಬರಿನಲ್ಲಿ ಎಸೆಕ್ಸಿನ ಗ್ರೇಸ್ ಊರಲ್ಲಿ ಮತ್ತೊಂದು ಲಾರಿ, ಈ ಸಲ 39 ವಿಯೆಟ್ನಾಮೀಯರು. ಅದಾಗಿ ನಾಲ್ಕು ತಿಂಗಳಿಗೆ ಲಂಡನ್ನಿನ ರಂಗಮಂದಿರ ಡಾನ್ಮಾರ್ ವೇರ್‌ಹೌಸ್ ಇದೇ ನಾಟಕವನ್ನು ಮತ್ತೆ ರಂಗಕ್ಕೆ ತಂದಿತು. ಇಪ್ಪತ್ತು ವರ್ಷ ಕಳೆದರೂ ಆ ದೃಶ್ಯದ ಒಂದು ಮಾತೂ ಹಳತಾಗಿರಲಿಲ್ಲ. ಕಲ್ಪನೆಯ ಯಾವುದೋ ಕೆಟ್ಟ ಕಾಲವನ್ನು ಬರೆದರು ಎಂದು ಇಂಥ ನಾಟಕಗಳ ಬಗ್ಗೆ ಹೇಳುವವರಿಗೆ ನಾನು ಈ ಎರಡು ಲಾರಿಗಳನ್ನು ತೋರಿಸುತ್ತೇನೆ.

ಎರಡನೆಯ ಭಾಗದಲ್ಲಿ ಜೋನ್ ದೊಡ್ಡವಳಾಗಿ ಟೋಪಿ ತಯಾರಿಸುವ ಕಾರ್ಖಾನೆ ಸೇರಿದ್ದಾಳೆ. ಪಕ್ಕದ ಮೇಜಿನಲ್ಲಿ ಟಾಡ್. ಇಬ್ಬರೂ ಬಣ್ಣ, ಗರಿ, ಆಕಾರಗಳ ಬಗ್ಗೆ ಆಸ್ಥೆಯಿಂದ ಮಾತಾಡುತ್ತಾರೆ. ಸಂಬಳ ಕಡಿಮೆ, ಮೇಲಿನವರು ಗುತ್ತಿಗೆಯಲ್ಲಿ ದುಡ್ಡು ಹೊಡೆಯುತ್ತಿದ್ದಾರೆ, ಇದನ್ನು ಪ್ರಶ್ನಿಸಬೇಕು ಎಂದು ಟಾಡ್ ಕುದಿಯುತ್ತಾನೆ. ಇಬ್ಬರ ನಡುವೆ ಪ್ರೀತಿ ಮೊಳೆಯುತ್ತದೆ. ಆಮೇಲೆ ಆ ಟೋಪಿಗಳು ಯಾರಿಗೆ ಎಂದು ಗೊತ್ತಾಗುತ್ತದೆ. ಸಂಕೋಲೆ ತೊಟ್ಟ ಕೈದಿಗಳು ಅವನ್ನು ತಲೆಗೇರಿಸಿಕೊಂಡು ಮೆರವಣಿಗೆಯಲ್ಲಿ ಸಾವಿನತ್ತ ನಡೆಯುತ್ತಾರೆ. ಇಡೀ ನಾಟಕಕ್ಕೆ ಮೂರೇ ಪಾತ್ರ ಬರೆದ ಚರ್ಚಿಲ್ ಈ ಮೆರವಣಿಗೆಗೆ ಮಾತ್ರ ಆದಷ್ಟು ಹೆಚ್ಚು ಜನ ಬೇಕು, ನೂರಾದರೂ ಆಗಬಹುದು ಎನ್ನುತ್ತಾರೆ. ಮಾತಿಲ್ಲ, ನಡೆದು ಹೋಗುತ್ತಾರೆ ಅಷ್ಟೆ. ಮುಂದಿನ ದೃಶ್ಯದಲ್ಲಿ ಜೋನ್‌ಗೆ ಇರುವ ಸಂಕಟವೆಂದರೆ ಅಷ್ಟು ಚೆಂದದ ಟೋಪಿಗಳು ಹೆಣಗಳ ಜೊತೆ ಸುಟ್ಟುಹೋಗುತ್ತವಲ್ಲ ಎಂಬುದು.

ಈ ದೃಶ್ಯ ನನ್ನ ಹೊಟ್ಟೆ ಹಿಂಡುತ್ತದೆ. ಟಾಡ್, ಜೋನ್ ಇಬ್ಬರೂ ಒಳ್ಳೆಯವರು. ಕೆಲಸದ ಮೇಲೆ ಶ್ರದ್ಧೆ ಇದೆ, ಅನ್ಯಾಯದ ಮೇಲೆ ಸಿಟ್ಟೂ ಇದೆ. ಆದರೆ ಆ ಸಿಟ್ಟು ತಮ್ಮ ಕಾರ್ಖಾನೆಯ ಗೋಡೆ ದಾಟುವುದಿಲ್ಲ. ತಾವು ಮಾಡಿದ ವಸ್ತು ಬಾಗಿಲು ದಾಟಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಇಬ್ಬರೂ ಕೇಳುವುದಿಲ್ಲ. ಜಾಗತೀಕರಣ ಎಂದು ನಾವು ಭಾಷಣಗಳಲ್ಲಿ ಕರೆಯುವುದರ ಒಳಗುಟ್ಟನ್ನು ಇಷ್ಟು ಹತ್ತಿರದಿಂದ ತೋರಿಸಿದ ದೃಶ್ಯ ಬೇರೊಂದು ನನಗೆ ಗೊತ್ತಿಲ್ಲ. ನಾವು ಬರೆದ ಸಾಫ್ಟ್‌ವೇರ್ ಯಾವ ಕಂಪನಿಯಲ್ಲಿ ಯಾರ ಕೆಲಸ ಕಳೆಯಿತು, ನಮ್ಮ ಅಂಗಿಯನ್ನು ಯಾರು ಹೊಲಿದರು, ನಮ್ಮ ಹಳೆಯ ಫೋನು ಯಾವ ಊರಿನ ತಿಪ್ಪೆಯಲ್ಲಿದೆ? ಈ ಪ್ರಶ್ನೆಗಳನ್ನು ಚರ್ಚಿಲ್ ಎಲ್ಲೂ ಎತ್ತುವುದಿಲ್ಲ, ಟೋಪಿ ಹೊಲಿಯುವ ಇಬ್ಬರು ಪ್ರೇಮಿಗಳನ್ನು ತೋರಿಸಿ ಸುಮ್ಮನಾಗುತ್ತಾರೆ. ಮೂರನೆಯ ಭಾಗದಲ್ಲಿ ಲೋಕಕ್ಕೆ ಲೋಕವೇ ಯುದ್ಧಕ್ಕಿಳಿದಿದೆ. ಬೆಕ್ಕುಗಳು ಒಂದು ದೇಶದ ಕಡೆ, ಆನೆಗಳು ಇನ್ನೊಂದು ದೇಶದ ಕಡೆ, ಎಂಜಿನಿಯರುಗಳು, ಅಡುಗೆಯವರು, ಐದು ವರ್ಷದೊಳಗಿನ ಮಕ್ಕಳು ಯಾವುದಾದರೊಂದು ಪಕ್ಷ ಹಿಡಿದಿದ್ದಾರೆ. ಮೊದಲ ಕ್ಷಣ ನಗು ಬರುತ್ತದೆ, ಎರಡನೆಯ ಕ್ಷಣಕ್ಕೆ ನಿಂತುಹೋಗುತ್ತದೆ.

ಇಂಥ ನಾಟಕಗಳ ದಾರಿ ಎಲ್ಲಿಂದ ಶುರುವಾಯಿತು ಎಂದರೆ ಅಲ್ಲೂ ಚರ್ಚಿಲ್ ಇದ್ದಾರೆ. 1986ರ ಅಕ್ಟೋಬರಿನಲ್ಲಿ ಲಂಡನ್ನಿನ ಷೇರುಪೇಟೆಯ ಕಟ್ಟುಪಾಡುಗಳನ್ನು ಸಡಿಲಿಸಲಾಯಿತು. ಐದೇ ತಿಂಗಳಲ್ಲಿ ಚರ್ಚಿಲ್ ಅವರ ‘ಸೀರಿಯಸ್ ಮನಿ’ ರಂಗ ಹತ್ತಿತು. ಪೆರುವಿನ ವ್ಯಾಪಾರಿ ಹೆಂಗಸು, ಘಾನಾ ಮೂಲದ ಕೋಕೋ ಆಮದುದಾರ, ಲಂಡನ್ನಿನ ದಲ್ಲಾಳಿಗಳು ಎಲ್ಲರೂ ಒಂದೇ ಬಲೆಯಲ್ಲಿ ಕುಣಿಯುವ ನಾಟಕ ಅದು. ಆಗಿನ್ನೂ ಅದರಲ್ಲಿ ಉತ್ಸಾಹವಿತ್ತು. 2000ದ ಹೊತ್ತಿಗೆ ಅದು ಆರಿಹೋಗಿ ಭಯ ಮನೆ ಹೊಕ್ಕಿತ್ತು.

ಆಮೇಲೆ ಬಂದವರಲ್ಲಿ ಝಿನ್ನೀ ಹ್ಯಾರಿಸ್ ಅವರನ್ನು ಮುಖ್ಯವಾಗಿ ನೆನೆಯಬೇಕು. 2015ರ ಫೆಬ್ರವರಿಯಲ್ಲಿ ರಾಯಲ್ ಕೋರ್ಟಿನಲ್ಲಿ ಬಂದ ‘ಹೌ ಟು ಹೋಲ್ಡ್ ಯುವರ್ ಬ್ರೆತ್’ ನಾಟಕದಲ್ಲಿ ಯುರೋಪಿನ ಬ್ಯಾಂಕುಗಳು ಕುಸಿದು ಬೀಳುತ್ತವೆ. ಡಾನಾ ಎಂಬ ಬರ್ಲಿನ್ನಿನ ವಿದ್ಯಾವಂತೆ ತನ್ನ ತಂಗಿಯನ್ನು ಕರೆದುಕೊಂಡು ಅಲೆಕ್ಸಾಂಡ್ರಿಯಾಕ್ಕೆ ಹೊರಡುತ್ತಾಳೆ. ಕಾರ್ಡ್ ನಡೆಯುವುದಿಲ್ಲ, ಕೈಯಲ್ಲಿ ಕಾಸಿಲ್ಲ, ಕೊನೆಗೆ ಆಫ್ರಿಕಾದತ್ತ ಹೋಗುವ ಕಿಕ್ಕಿರಿದ ದೋಣಿ. ಯುರೋಪಿನವರೇ ನಿರಾಶ್ರಿತರಾಗಿ ಮೆಡಿಟರೇನಿಯನ್ ಸಮುದ್ರವನ್ನು ಹಿಂದುಮುಂದಾಗಿ ದಾಟುವ ದೃಶ್ಯ. ಅದೇ ವರ್ಷದ ಏಪ್ರಿಲಿನಲ್ಲಿ ಅದೇ ಸಮುದ್ರದಲ್ಲಿ, ಎದುರು ದಿಕ್ಕಿನಿಂದ ಬರುತ್ತಿದ್ದ ಒಂದೇ ದೋಣಿ ಮುಳುಗಿ ನೂರಾರು ಜನ ಸತ್ತರು. ಕೆಲವು ವಿಮರ್ಶಕರು ನಾಟಕ ಬಿಗಿಯಾಗಿಲ್ಲ ಎಂದರು. ಹೌದು, ಅಲ್ಲಲ್ಲಿ ಎಳೆ ಸಡಿಲಿದೆ. ಆದರೆ ಪಾಸ್‌ಪೋರ್ಟಿನ ಬಣ್ಣ ಒಂದೇ ವಾರದಲ್ಲಿ ಬೆಲೆ ಕಳೆದುಕೊಳ್ಳಬಹುದು ಎಂಬ ಸತ್ಯವನ್ನು ಸುಖವಾಗಿ ಕೂತ ಪ್ರೇಕ್ಷಕರ ಮುಂದೆ ಅಷ್ಟು ನೇರವಾಗಿ ಇಡಲು ಧೈರ್ಯ ಬೇಕು. ವೀಸಾ ನವೀಕರಣದ ಪತ್ರಕ್ಕಾಗಿ ಕಾದವರಿಗೆ ಆ ನಾಟಕವನ್ನು ವಿವರಿಸಬೇಕಾಗಿಯೇ ಇಲ್ಲ.

ಅಲಿಸ್ಟರ್ ಮ್ಯಾಕ್‌ಡವಲ್ ಅವರ ‘ಪೊಮೋನಾ’ (2014) ಮ್ಯಾಂಚೆಸ್ಟರಿನಲ್ಲಿ ಕಾಲುವೆಗಳ ಪಕ್ಕದಲ್ಲಿ ನಿಜಕ್ಕೂ ಇದ್ದ ಪಾಳುಜಾಗವೊಂದರ ಹೆಸರು. ನಾಟಕದಲ್ಲಿ ಅದರ ನೆಲದಡಿಯಲ್ಲಿ ಹೆಂಗಸರ ದೇಹಗಳನ್ನೇ ಸರಕು ಮಾಡುವ ದಂಧೆ ನಡೆಯುತ್ತದೆ. ಮೇಲೆ ಕಾವಲಿರುವ ಇಬ್ಬರಿಗೆ ಒಳಗೇನಿದೆ ಎಂದು ತಿಳಿಯುವ ಮನಸ್ಸಿಲ್ಲ. ಆ ನೆಲದ ಒಡೆಯ ಬಾಡಿಗೆ ಎಣಿಸುತ್ತಾನೆ, ಬಾಡಿಗೆದಾರರನ್ನು ಏನೂ ಕೇಳುವುದಿಲ್ಲ. ಎಲಾ ಹಿಕ್ಸನ್ ಅವರ ‘ಆಯಿಲ್’ (ಅಲ್ಮೇಡಾ ರಂಗಮಂದಿರ, 2016) ಇನ್ನೂ ದೊಡ್ಡ ಬೀಸಿನದು. 1889ರಲ್ಲಿ ಕಾರ್ನ್‌ವಾಲಿನ ಕತ್ತಲೆ ಕವಿದ ಚಳಿಯ ಮನೆಗೆ ಅಪರಿಚಿತನೊಬ್ಬ ಸೀಮೆಎಣ್ಣೆ ದೀಪ ಹಿಡಿದು ಬಂದು ಜಮೀನು ಕೊಳ್ಳುವ ಮಾತೆತ್ತುತ್ತಾನೆ. ಅಲ್ಲಿಂದ ಕತೆ ಪರ್ಷಿಯಾಕ್ಕೆ, 1970ರ ಲಂಡನ್ನಿಗೆ ಹೋಗಿ 2051ರ ಕಾರ್ನ್‌ವಾಲಿಗೆ ಮರಳುತ್ತದೆ. ಅಲ್ಲಿ ಮತ್ತೆ ಚಳಿ, ಮತ್ತೆ ಕತ್ತಲು, ಬಾಗಿಲು ತಟ್ಟುವವಳು ಮಾತ್ರ ಹೊಸ ಇಂಧನ ಮಾರಲು ಬಂದ ಚೀನಾದ ಹೆಂಗಸು. ಸಾಮ್ರಾಜ್ಯ ಕೈಬದಲಾಯಿಸುವುದನ್ನು ಒಂದು ಹೊಸ್ತಿಲಿನ ಮೇಲೆಯೇ ತೋರಿಸಿದ್ದಾರೆ ಹಿಕ್ಸನ್. ಲೂಸಿ ಕರ್ಕ್‌ವುಡ್ ಅವರ ‘ದಿ ಚಿಲ್ಡ್ರನ್’ ಕೂಡ ಅದೇ ವರ್ಷದ್ದು. ಅಣುಸ್ಥಾವರದ ದುರಂತವಾದ ಮೇಲೆ ನಿವೃತ್ತ ವಿಜ್ಞಾನಿಗಳು ಮೂವರು ಒಂದು ಅಡುಗೆಮನೆಯಲ್ಲಿ ಎದುರುಬದುರಾಗುತ್ತಾರೆ. ಕಟ್ಟಿದವರು ನಾವು, ಒಳಗೆ ಸಾಯಬೇಕಾದವರು ಇಪ್ಪತ್ತೈದರ ಹುಡುಗರೇ ಎಂದು ಅವರಲ್ಲೊಬ್ಬಳು ಕೇಳುತ್ತಾಳೆ. ಜಪಾನಿನಲ್ಲಿ 2011ರ ಫುಕುಶಿಮಾ ದುರಂತದ ನಂತರ ನಿವೃತ್ತ ಎಂಜಿನಿಯರುಗಳು ಹಾಗೆಯೇ ತಾವಾಗಿ ಮುಂದೆ ಬಂದಿದ್ದರು.

ಇಷ್ಟು ಮೆಚ್ಚಿದ ಮೇಲೆ ಒಂದು ಗಟ್ಟಿಯಾದ ದೂರೂ ಇದೆ. ಈ ನಾಟಕಗಳಲ್ಲಿ ಬಹಳಷ್ಟರಲ್ಲಿ ನಮ್ಮಂಥವರು ರಂಗದ ಹಿಂದೆಯೇ ಉಳಿಯುತ್ತೇವೆ. ಭಯಪಡುವವರು ಇಂಗ್ಲಿಷರು. ಆಗಲೇ ಆ ಭಯದೊಳಗೆ ಬದುಕುತ್ತಿರುವವರು ಬರೀ ಸುದ್ದಿ, ಬರೀ ಸದ್ದು, ಹೆಚ್ಚೆಂದರೆ ಕೊನೆಯ ದೃಶ್ಯಕ್ಕೆ ಬರುವ ಒಬ್ಬ ಮಾರಾಟಗಾರ್ತಿ. ಇದನ್ನು ಮೀರಿದವರೂ ಇದ್ದಾರೆ. 2003ರಲ್ಲಿ ಲಂಡನ್ನಿನ ಮೋತಿರೋತಿ ಮತ್ತು ನ್ಯೂಯಾರ್ಕಿನ ಬಿಲ್ಡರ್ಸ್ ಅಸೋಸಿಯೇಷನ್ ಸೇರಿ ಕಟ್ಟಿದ ‘ಅಲಾದೀನ್’ ಬೆಂಗಳೂರಿನ ಕಾಲ್‌ಸೆಂಟರ್ ಹುಡುಗ ಹುಡುಗಿಯರದ್ದು. ಹೆಸರು ಬದಲಿಸಿಕೊಂಡು, ಫ್ರೆಂಡ್ಸ್ ಧಾರಾವಾಹಿ ನೋಡಿ ಉಚ್ಚಾರ ತಿದ್ದಿಕೊಂಡು, ರಾತ್ರಿಯೆಲ್ಲ ಅಮೆರಿಕದವರಂತೆ ಮಾತಾಡುವ ನಮ್ಮೂರ ಮಕ್ಕಳನ್ನು ಅದು ರಂಗಕ್ಕೆ ತಂದಿತು. 2010ರಲ್ಲಿ ಚೆನ್ನೈನ ಅನುಪಮಾ ಚಂದ್ರಶೇಖರ್ ಬರೆದ ‘ಡಿಸ್‌ಕನೆಕ್ಟ್’ ರಾಯಲ್ ಕೋರ್ಟಿನ ಅದೇ ಮಹಡಿಯಲ್ಲಿ ಇಂಧು ರುಬಸಿಂಗಂ ನಿರ್ದೇಶನದಲ್ಲಿ ಬಂತು. ಚೆನ್ನೈನಲ್ಲಿ ಕೂತು ಇಲಿನಾಯ್ಸ್‌ನವರ ಕ್ರೆಡಿಟ್ ಕಾರ್ಡ್ ಸಾಲ ವಸೂಲಿ ಮಾಡುವವರ ಕತೆ. ಅದರಲ್ಲಿ ಮುಂದೆಂದೋ ಬರುವ ಕೆಟ್ಟ ಕಾಲವಿಲ್ಲ, ನೈಟ್ ಶಿಫ್ಟ್ ಇದೆ. ಬೆಂಗಳೂರಿನಲ್ಲಿ ಆ ಶಿಫ್ಟ್ ಮಾಡಿ ಆಮೇಲೆ ಇಲ್ಲಿಗೆ ಬಂದವರು ನಿಮ್ಮಲ್ಲೇ ಹಲವರಿದ್ದೀರಿ.

ಇನ್ನೂ ದಿಟ್ಟವಾದದ್ದು ಡೆಬಿ ಟಕರ್ ಗ್ರೀನ್ ಅವರ ‘ಸ್ಟೋನಿಂಗ್ ಮೇರಿ’ (2005). ಏಡ್ಸ್ ಔಷಧಿಗೆ ಹೊಡೆದಾಡುವ ಗಂಡ ಹೆಂಡತಿ, ಬಾಲಸೈನಿಕನಾದ ಮಗ, ಕಲ್ಲೇಟಿನಿಂದ ಸಾಯಲಿರುವ ಹುಡುಗಿ. ಆಫ್ರಿಕಾದ್ದೆಂದು ಟಿವಿಯಲ್ಲಿ ನೋಡಿ ಚಾನೆಲ್ ಬದಲಿಸುವ ಸಂಗತಿಗಳು. ಕಪ್ಪು ಮೂಲದ ಈ ಬ್ರಿಟಿಷ್ ನಾಟಕಕಾರ್ತಿ, ನಾಟಕ ಎಲ್ಲಿ ಆಡುತ್ತಾರೋ ಆ ದೇಶದಲ್ಲೇ ನಡೆಯಬೇಕು, ಪಾತ್ರಗಳೆಲ್ಲ ಬಿಳಿಯರಾಗಿರಬೇಕು ಎಂದು ಸ್ಪಷ್ಟವಾಗಿ ಬರೆದರು. ಯಾರ ದೇಹ ರಂಗದ ಮೇಲಿದೆ ಎನ್ನುವುದರ ಮೇಲೆ ಇಡೀ ನಾಟಕದ ಅರ್ಥ ಹೇಗೆ ತಿರುಗುತ್ತದೆ ಎಂದು ನನಗೆ ಕಲಿಸಿದ್ದು ಆ ಸೂಚನೆ. ನಮ್ಮಂಥವರ ದೇಹ, ನಮ್ಮ ಮಾತು ಈ ನಾಟಕಗಳೊಳಗೆ ಹೊಕ್ಕರೆ ಅವು ಬೇರೆಯೇ ಏನನ್ನೋ ಹೇಳತೊಡಗುತ್ತವೆ. ಇಂಗ್ಲಿಷ್ ತಂಡಗಳು ಎಷ್ಟೇ ಚೆನ್ನಾಗಿ ಆಡಿದರೂ ಇದು ಅವರ ಕೈಗೆಟುಕದು. ನಿಮಗೆ ಬರೆಯುತ್ತಿರುವುದು ಅದಕ್ಕಾಗಿಯೇ.

ಯಾವ ನಾಟಕ ಎಂದು ಕೇಳುವಿರಿ. ಚರ್ಚಿಲ್ ಅವರ ‘ಎಸ್ಕೇಪ್ಡ್ ಅಲೋನ್’. 2016ರ ಜನವರಿಯಲ್ಲಿ ಜೇಮ್ಸ್ ಮ್ಯಾಕ್‌ಡೊನಾಲ್ಡ್ ನಿರ್ದೇಶನದಲ್ಲಿ ರಾಯಲ್ ಕೋರ್ಟಿನಲ್ಲಿ ಮೊದಲ ಬಾರಿ ಬಂತು. ನಾಲ್ವರು ಹೆಂಗಸರು, ಎಲ್ಲರಿಗೂ ಎಪ್ಪತ್ತು ದಾಟಿದೆ. ಹಿತ್ತಲ ತೋಟದಲ್ಲಿ ಕುರ್ಚಿ ಹಾಕಿಕೊಂಡು ಟೀ ಕುಡಿಯುತ್ತಾ ಮೊಮ್ಮಕ್ಕಳು, ಮುಚ್ಚಿಹೋದ ಅಂಗಡಿಗಳು, ಬೆಕ್ಕುಗಳು ಎಂದು ಹರಟುತ್ತಾರೆ. ಒಬ್ಬರ ಮಾತನ್ನು ಇನ್ನೊಬ್ಬರು ಅರ್ಧಕ್ಕೆ ಹಿಡಿದು ಮುಗಿಸುತ್ತಾರೆ. ನಡುನಡುವೆ ಬೆಳಕು ಕತ್ತರಿಸಿದಂತೆ ಹೋಗುತ್ತದೆ, ಅವರಲ್ಲೊಬ್ಬಳಾದ ಮಿಸೆಸ್ ಜಾರೆಟ್ ಒಬ್ಬಳೇ ಮುಂದೆ ಬಂದು ಲೋಕ ಹೇಗೆ ಮುಗಿಯಿತು ಎಂದು ಸಮಾಚಾರ ಓದಿದಂತೆ ತಣ್ಣಗೆ ಹೇಳುತ್ತಾಳೆ. ಆಹಾರದ ಬಹುಪಾಲು ಟಿವಿ ಕಾರ್ಯಕ್ರಮಗಳಿಗೆ ಹೋಗಿ ಜನ ಹಸಿವಿನಿಂದ ಸಾಯುತ್ತಾರೆ. ಬಂಡೆಗಳು ಉರುಳುತ್ತವೆ, ಅದಕ್ಕೂ ಯಾರೋ ದೊಡ್ಡ ಅಧಿಕಾರಿಗಳು ದುಡ್ಡು ಕೊಟ್ಟಿರುತ್ತಾರೆ. ವಿಷಗಾಳಿಗೆ ಮುಖವಾಡ ಬೇಕೆಂದರೆ ಎನ್‌ಎಚ್‌ಎಸ್‌ನಲ್ಲಿ ಮೂರು ತಿಂಗಳು ಕಾಯಬೇಕು, ಖಾಸಗಿಯಾಗಿ ಕೊಂಡರೆ ಬೇಕಾದ ಬಣ್ಣದಲ್ಲಿ ಸಿಗುತ್ತದೆ. ಮತ್ತೆ ತೋಟ, ಮತ್ತೆ ಬಿಸಿಲು, ಬಿಟ್ಟಲ್ಲಿಂದ ಹರಟೆ.

ಆ ಮುಖವಾಡದ ಮಾತಿಗೆ 2016ರಲ್ಲಿ ಪ್ರೇಕ್ಷಕರು ನಕ್ಕಿದ್ದರು. 2020ರ ವಸಂತದಲ್ಲಿ ಏನಾಯಿತು ಎಂದು ನಿಮ್ಮಲ್ಲಿನ ವೈದ್ಯರಿಗೆ, ನರ್ಸುಗಳಿಗೆ ನಾನು ಹೇಳಬೇಕಿಲ್ಲ. ಗೌನು ಸಾಲಲಿಲ್ಲ, ಮುಖಗವಸು ಸಾಲಲಿಲ್ಲ. ಟರ್ಕಿಯಿಂದ ವಿಮಾನದಲ್ಲಿ ತರಿಸಿದ ಗೌನುಗಳು ಗುಣಮಟ್ಟದ ಪರೀಕ್ಷೆಯಲ್ಲಿ ಬಿದ್ದುಹೋದವು. ಈ ದೇಶದಲ್ಲಿ ಕೋವಿಡ್‌ಗೆ ಬಲಿಯಾದರೆಂದು ಮೊದಲು ವರದಿಯಾದ ಹತ್ತು ಮಂದಿ ವೈದ್ಯರೂ ಏಷ್ಯಾ, ಆಫ್ರಿಕಾ, ಮಧ್ಯಪ್ರಾಚ್ಯದಂಥ ಮೂಲಗಳವರು. ದೂರದ ದೇಶಗಳಿಂದ ವೈದ್ಯರನ್ನು ತರಿಸಿಕೊಂಡು, ದೂರದ ದೇಶಗಳಿಂದಲೇ ಗೌನು ತರಿಸಿಕೊಂಡು, ಎರಡೂ ಸಾಲದೆ ಹೋದ ಆ ತಿಂಗಳುಗಳನ್ನು ನೋಡಿದವರು ನಾವು. ಮಿಸೆಸ್ ಜಾರೆಟ್‌ಳ ಆ ಮಾತನ್ನು ನಮ್ಮಲ್ಲೊಬ್ಬರು ಕನ್ನಡದಲ್ಲಿ ಆಡಿದಾಗ ಸಭೆಯಲ್ಲಿ ಯಾರಿಗೂ ನಗು ಬರಲಾರದು.

ನಮ್ಮಲ್ಲಿ ಪಾತ್ರಧಾರಿಗಳ ಕೊರತೆಯೂ ಇಲ್ಲ. ಪ್ರತಿ ಬೇಸಿಗೆಯಲ್ಲಿ ಮಗನ ಮನೆಗೋ ಮಗಳ ಮನೆಗೋ ಬಂದು ಆರು ತಿಂಗಳು ಇರುವ ನಮ್ಮ ಅಮ್ಮಂದಿರು, ಅತ್ತೆಯಂದಿರನ್ನು ನೆನೆಸಿಕೊಳ್ಳಿ. ಲೆಸ್ಟರಿನಲ್ಲೋ ರೆಡಿಂಗಿನಲ್ಲೋ ಹಿತ್ತಲಲ್ಲಿ ಕೂತು, ಮೊಣಕಾಲು ನೋವು, ಊರಲ್ಲಿ ಬೀಗ ಹಾಕಿ ಬಂದ ಮನೆ, ಸೊಸೆಯ ಡ್ಯೂಟಿ, ಮೊಮ್ಮಗುವಿಗೆ ಬಾರದ ಕನ್ನಡ ಎಂದು ಅವರು ಆಡುವ ಮಾತು ಚರ್ಚಿಲ್ ಬರೆದ ತುಂಡುಮಾತಿಗೆ ತೀರ ಹತ್ತಿರ. ಅವರಲ್ಲಿ ಕಾಲೇಜಿನ ದಿನಗಳಲ್ಲಿ ನಾಟಕ ಮಾಡಿದವರಿದ್ದಾರೆ, ಬ್ಯಾಂಕು, ಶಾಲೆಗಳಲ್ಲಿ ಮೂವತ್ತು ವರ್ಷ ದುಡಿದು ಬಂದವರಿದ್ದಾರೆ. ನಮ್ಮ ಕಾರ್ಯಕ್ರಮಗಳಲ್ಲಿ ಅವರಿಗೆ ಮುಂದಿನ ಸಾಲಿನ ಕುರ್ಚಿ ಕೊಡುತ್ತೇವೆ, ದೀಪ ಹಚ್ಚಿಸುತ್ತೇವೆ. ಆದರೆ ಮುಖ್ಯ ಪಾತ್ರ ಕೊಟ್ಟದ್ದು ಯಾವಾಗ?

ಹಬ್ಬದ ದಿನ ಇಂಥ ನಾಟಕವೇ ಎಂದು ಆಕ್ಷೇಪ ಬರುತ್ತದೆ, ಬರಲಿ. ನಾಟಕ ಒಂದು ಗಂಟೆಯೊಳಗೆ ಮುಗಿಯುತ್ತದೆ. ಊಟಕ್ಕೆ ಮೊದಲು ಆಡಿ, ಊಟದ ಹೊತ್ತಿನಲ್ಲಿ ಜನ ಅದರ ಬಗ್ಗೆ ಜಗಳವಾಡಲಿ. ಮಕ್ಕಳಿಗೆ ಆ ಹೊತ್ತಿನಲ್ಲಿ ಪಕ್ಕದ ಕೋಣೆಯಲ್ಲಿ ಬೇರೆ ಏನಾದರೂ ಇಡಬಹುದು. ದೃಶ್ಯಸಜ್ಜಿಕೆಗೆ ನಾಲ್ಕು ಕುರ್ಚಿ, ಒಂದು ಬೇಲಿ ಸಾಕು. ಮೂಲದಲ್ಲಿ ನಾಲ್ವರೂ ಸೇರಿ ಹಳೆಯ ಪಾಪ್ ಹಾಡೊಂದನ್ನು ಹಾಡುತ್ತಾರೆ, ಆ ಜಾಗಕ್ಕೆ ಯಾವ ಕನ್ನಡ ಸಿನಿಮಾ ಹಾಡು ಹೊಂದುತ್ತದೆ ಎಂದು ಅಮ್ಮಂದಿರೇ ತೀರ್ಮಾನಿಸಲಿ. ಲೇಖಕರ ಏಜೆಂಟರಿಂದ ಅನುವಾದದ ಹಕ್ಕು, ಪ್ರದರ್ಶನದ ಹಕ್ಕು ಎರಡನ್ನೂ ಕೇಳಿ ಪಡೆಯಬೇಕು, ಹಾಡು ಬದಲಿಸಲೂ ಅನುಮತಿ ಬೇಕು. ಆ ಪತ್ರವ್ಯವಹಾರ ನಾನು ನೋಡಿಕೊಳ್ಳುತ್ತೇನೆ. ಮೊದಲ ಕರಡು ಅನುವಾದವೂ ನನ್ನ ಹೊಣೆ, ಆದರೆ ಧಾರವಾಡದ, ಮಂಗಳೂರಿನ, ಮೈಸೂರಿನ ಮಾತು ಬಲ್ಲವರು ಜೊತೆಗೆ ಕೂರಬೇಕು. ನಾಲ್ವರು ಹೆಂಗಸರು ನಾಲ್ಕು ಸೀಮೆಯ ಕನ್ನಡ ಆಡಲಿ ಎಂಬುದು ನನ್ನ ಆಸೆ.

ಏಪ್ರಿಲಿನಲ್ಲಿ ಓದು ಶುರುವಾದರೆ ಅಮ್ಮಂದಿರು ಬರುವ ಹೊತ್ತಿಗೆ ಸ್ಕ್ರಿಪ್ಟ್ ಕೈಯಲ್ಲಿರುತ್ತದೆ. ಅವರಲ್ಲಿ ಯಾರು ಯಾವ ತಿಂಗಳು ಬರುತ್ತಾರೆ, ಯಾವಾಗ ಮರಳುತ್ತಾರೆ ಎಂದು ಬರೆದು ತಿಳಿಸಿ. ತಾಲೀಮಿನ ದಿನಗಳನ್ನು ಅವರ ಟಿಕೆಟ್ಟಿನ ತಾರೀಕು ನೋಡಿಕೊಂಡೇ ಗೊತ್ತುಮಾಡೋಣ.

ನಿಮ್ಮ ರಂಗಮಿತ್ರ